ಓದಿದ್ದೀನಿ ಮಿಸ್!

ಜನವರಿ ಮೊದಲ ವಾರ ಗುಡ್‌ರೀಡ್ಸ್‌ನಲ್ಲಿ ‘ಈ ವರ್ಷ 24 ಪುಸ್ತಕ’ ಅಂತ ಚಾಲೆಂಜ್ ಹಾಕ್ಕೊಂಡು, ಡಿಸೆಂಬರ್ ಬಂದಾಗ ತೆಳ್ಳಗಿರೋ ಪುಸ್ತಕಗಳನ್ನೇ ಹುಡುಕಿ ಹುಡುಕಿ ಲೆಕ್ಕ ತುಂಬಿಸೋರು ನಿಮ್ಮಲ್ಲಿ ಎಷ್ಟು ಜನ? ಕೈ ಎತ್ತಬೇಡಿ, ಮೆಟ್ರೋದಲ್ಲಿದ್ದರೆ ಪಕ್ಕದವರು ನೋಡ್ತಾರೆ. ನಮ್ಮ ಆರನೇ ಕ್ಲಾಸಿನ ಮಕ್ಕಳೂ ಇದನ್ನೇ ಮಾಡ್ತಾರೆ. ವ್ಯತ್ಯಾಸ ಇಷ್ಟೇ. ನಿಮ್ಮನ್ನು ಯಾರೂ ಪಕ್ಕದಲ್ಲಿ ಕೂರಿಸಿಕೊಂಡು ‘ಹೌದಾ? ಎಲ್ಲಿ, ಈ ಪುಟ ಸ್ವಲ್ಪ ಓದು ನೋಡೋಣ’ ಅನ್ನಲ್ಲ. ಅವರನ್ನು ನಾನು ಅಂತೀನಿ.

ಕೆಂಗೇರಿ ದಾಟಿ ಇನ್ನೊಂದಿಷ್ಟು ದೂರ ಹೋದರೆ ಸಿಗುವ ಶಾಲೆ ನಮ್ಮದು. ಕನ್ನಡ ಇಲ್ಲಿ ಎರಡನೇ ಭಾಷೆ. ಕ್ಲಾಸಿನಲ್ಲಿ 36 ಮಕ್ಕಳು. ಒಬ್ಬನ ಅಪ್ಪ ಸಾಫ್ಟ್‌ವೇರ್, ಪಕ್ಕದಲ್ಲಿ ಕೂತವನ ಅಪ್ಪ ಅದೇ ಸಾಫ್ಟ್‌ವೇರ್ ಕಂಪನಿಗೆ ಕ್ಯಾಬ್ ಓಡಿಸ್ತಾರೆ. ವಾರಕ್ಕೆ ಎರಡು ಲೈಬ್ರರಿ ಪೀರಿಯಡ್, ಒಂದೊಂದು 40 ನಿಮಿಷ. ಆ ಎರಡು ಪೀರಿಯಡ್ಡಿಗೆ ಅಂತಲೇ ಪ್ರತಿ ಮಗುವಿಗೂ ಒಂದು ನೋಟ್‌ಬುಕ್ ಇದೆ. 100 ಪುಟದ್ದು, ಸಾದಾ ರೂಲ್ಡ್. ಮೇಲೆ ‘ಓದಿನ ನೋಟ್‌ಬುಕ್’ ಅಂತ ಅವರವರೇ ಬರೆದುಕೊಂಡಿದ್ದಾರೆ. ಯಾವ ಪುಸ್ತಕ, ಎಷ್ಟನೇ ಪುಟದಲ್ಲಿದ್ದೀನಿ, ಓದುವಾಗ ತಲೆಗೆ ಏನು ಬಂತು, ಎಲ್ಲಿ ತಲೆಕೆಟ್ಟಿತು, ಇಷ್ಟನ್ನೇ ಅದರಲ್ಲಿ ಬರೆಯೋದು. ‘ಕಥೆಯ ನೀತಿ’ ಅಂತ ಒಂದು ಕಾಲಂ ಹಾಕೋಣ ಅಂತ ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟಿದ್ದರು. ಬೇಡ ಅಂದೆ. ನೀತಿ ಕೇಳಿದ ತಕ್ಷಣ ಮಕ್ಕಳು ಕಥೆ ಬಿಟ್ಟು ನಮ್ಮ ಮುಖ ಓದೋಕೆ ಶುರು ಮಾಡ್ತಾರೆ.

ಇನ್ನೊಂದು ನೋಟ್‌ಬುಕ್ ನನ್ನದು. ಅದು ಮಾತುಕತೆಯ ಟಿಪ್ಪಣಿ. ಮಕ್ಕಳೆಲ್ಲ ಓದ್ತಾ ಇರುವಾಗ ಒಂದು ಸ್ಟೂಲ್ ಎಳೆದುಕೊಂಡು ಒಬ್ಬೊಬ್ಬರ ಪಕ್ಕ ಕೂರ್ತೀನಿ. ಟೇಬಲ್ ಹತ್ತಿರ ಕರೆಯಲ್ಲ, ಕರೆದರೆ ಅದು ‘ಕರೆಸಿಕೊಂಡಿದ್ದು’ ಆಗಿಬಿಡುತ್ತೆ. ಐದಾರು ನಿಮಿಷ. ‘ಇಲ್ಲಿವರೆಗೆ ಏನಾಯ್ತು?’ ಅಂತ ಕೇಳ್ತೀನಿ, ಅವರು ಎಲ್ಲಿದ್ದಾರೋ ಅಲ್ಲಿಂದ ಎಂಟು ಹತ್ತು ಸಾಲು ಮೆಲ್ಲಗೆ ಓದಿಸ್ತೀನಿ, ಆಮೇಲೆ ಮಾತಾಡ್ತೀವಿ. ಏಳುವ ಮುಂಚೆ ಹೇಳಿಕೊಡೋದು ಒಂದೇ ಒಂದು ವಿಷಯ, ಎರಡಲ್ಲ. ಎದ್ದ ಮೇಲೆ ನಾಲ್ಕು ಸಾಲು ಗೀಚಿಕೊಳ್ತೀನಿ.

ಲೆಕ್ಕ ಹಾಕಿ. ಪೀರಿಯಡ್ಡಿಗೆ ಐದು ಮಕ್ಕಳು, ವಾರಕ್ಕೆ ಹತ್ತು. 36 ಮಕ್ಕಳ ಒಂದು ಸುತ್ತು ಮುಗಿಯೋಕೆ ಸುಮಾರು ನಾಲ್ಕು ವಾರ. ಸ್ಪೋರ್ಟ್ಸ್ ಡೇ, ಆನ್ಯುಯಲ್ ಡೇ ರಿಹರ್ಸಲ್, ದಸರಾ ರಜೆ, ಪರೀಕ್ಷೆ ಎಲ್ಲ ಕಳೆದರೆ ವರ್ಷಕ್ಕೆ ಆರು ಸುತ್ತು ಸಿಕ್ಕರೆ ಪುಣ್ಯ. ಅಂದರೆ ಒಂದು ಮಗುವಿನ ಜೊತೆ ಇಡೀ ವರ್ಷದಲ್ಲಿ ಅರ್ಧ ಗಂಟೆ. ಕೇಳೋಕೆ ನಗು ಬರುತ್ತೆ. ಆದರೆ ನೀವು ಆರನೇ ಕ್ಲಾಸಲ್ಲಿದ್ದಾಗ ನಿಮ್ಮ ಮೇಷ್ಟ್ರು ನಿಮ್ಮೊಬ್ಬರ ಜೊತೆ, ಬೈಯೋಕಲ್ಲದೆ, ಒಟ್ಟು ಎಷ್ಟು ಹೊತ್ತು ಮಾತಾಡಿದ್ರು ನೆನಪು ಮಾಡ್ಕೊಳ್ಳಿ.

ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. ಅಮೆರಿಕದ ಮೇನ್ ರಾಜ್ಯದಲ್ಲಿ ನ್ಯಾನ್ಸಿ ಅಟ್‌ವೆಲ್ ಅನ್ನೋ ಟೀಚರ್ ಎಂಬತ್ತರ ದಶಕದಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಅವರಿಗೆ ಬೇಕಾದ ಪುಸ್ತಕ ಓದೋಕೆ ಬಿಟ್ಟು, ಪುಸ್ತಕದ ಬಗ್ಗೆ ಕಾಗದ ಬರೆಸ್ತಿದ್ದರು. ಪ್ರತಿ ಕಾಗದಕ್ಕೂ ತಾವು ಉತ್ತರ ಬರೀತಿದ್ದರು. ತಪ್ಪು ತಿದ್ದಿ ಕೊಡುವ ಉತ್ತರ ಅಲ್ಲ, ಒಬ್ಬ ಓದುಗಳು ಇನ್ನೊಬ್ಬ ಓದುಗನಿಗೆ ಬರೆಯುವ ಉತ್ತರ. 1987ರಲ್ಲಿ ‘ಇನ್ ದ ಮಿಡ್ಲ್’ ಅಂತ ಪುಸ್ತಕ ಬಂತು. 2015ರಲ್ಲಿ ಮೊತ್ತಮೊದಲ ಗ್ಲೋಬಲ್ ಟೀಚರ್ ಪ್ರೈಜ್ ಅವರಿಗೇ ಸಿಕ್ಕಿತು, 10 ಲಕ್ಷ ಡಾಲರ್. ಆ ದುಡ್ಡನ್ನು ತಾನು ಕಟ್ಟಿದ ಶಾಲೆಗೇ ಕೊಡ್ತೀನಿ ಅಂದರು.

ನಮ್ಮಲ್ಲೂ ಇದರ ನೆಂಟರು ಇಲ್ಲದಿಲ್ಲ. ಸರ್ಕಾರಿ ಶಾಲೆಯ ನಲಿ-ಕಲಿ ಹೆಸರು ಕೇಳಿರ್ತೀರಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಮೇಷ್ಟ್ರುಗಳು ಶುರು ಮಾಡಿದ್ದು. ಅಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯ ಮೇಲೆ ತನ್ನದೇ ಮೆಟ್ಟಿಲಲ್ಲಿ ಇರುತ್ತೆ, ‘ಪ್ರಗತಿ ನೋಟ’ದಲ್ಲಿ ಅದರ ಗುರುತು ಬೀಳುತ್ತೆ. ಇಡೀ ಕ್ಲಾಸು ಒಂದೇ ಪುಟದಲ್ಲಿ ಇರಬೇಕಾಗಿಲ್ಲ ಅನ್ನೋ ಧೈರ್ಯ ಅವರಿಗೆ 30 ವರ್ಷದ ಹಿಂದೆಯೇ ಬಂದಿತ್ತು. ಫೀಸು ತಗೊಳ್ಳುವ ಶಾಲೆಗಳಿಗೆ ಇನ್ನೂ ಬಂದಿಲ್ಲ.

ಸರಿ, ನನ್ನ ಟಿಪ್ಪಣಿಯಲ್ಲಿ ಏನಿರುತ್ತೆ? ಇಂಗ್ಲಿಷಿನವರು ಮಾಡಿದ ಚೆಕ್‌ಲಿಸ್ಟ್ ಇಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರಲ್ಲ. ಕನ್ನಡ ಓದುವ ಮಗು ಎಡವುವ ಜಾಗಗಳೇ ಬೇರೆ. ‘ಸೂರ್ಯ’ ಅಂತ ಬರೆದಾಗ ಬಾಯಲ್ಲಿ ಮೊದಲು ಬರೋದು ರ, ಕಾಗದದ ಮೇಲೆ ಅರ್ಕಾವೊತ್ತು ಕೂತಿರೋದು ಯ ಆದ ಮೇಲೆ. ಹಾಗಾಗಿ ಮಗು ‘ಸೂಯ್ರ’ ಅನ್ನುತ್ತೆ. ಪಾಪ, ಅದು ಕಣ್ಣಿಗೆ ಕಂಡಿದ್ದನ್ನು ಪ್ರಾಮಾಣಿಕವಾಗಿ ಹೇಳ್ತಾ ಇದೆ! ಇನ್ನು ಸಾಲಿನ ಕೊನೆಯಲ್ಲಿ ಪದ ಮುರಿಯೋದು. ಎಷ್ಟೋ ಕನ್ನಡ ಪುಸ್ತಕದಲ್ಲಿ ‘ನೋಡಿಕೊಂಡಿದ್ದನಂತೆ’ ಅಂಥ ಉದ್ದದ ಪದ ಅರ್ಧ ಮೇಲೆ, ಅರ್ಧ ಕೆಳಗೆ ಬೀಳುತ್ತೆ, ಮಧ್ಯೆ ಒಂದು ಅಡ್ಡಗೆರೆ ಕೂಡ ಇರಲ್ಲ. ಮಗು ಅವೆರಡನ್ನೂ ಬೇರೆ ಬೇರೆ ಪದ ಅಂದುಕೊಂಡು ಅರ್ಥ ಹುಡುಕುತ್ತೆ. ಪ್ರಕಾಶಕರು ಯಾರಾದರೂ ಇದನ್ನು ಓದ್ತಾ ಇದ್ದರೆ, ದಯವಿಟ್ಟು.

ಹಾಗೇ, ತಪ್ಪು ಅಂತ ಕಂಡರೂ ತಪ್ಪಲ್ಲದ್ದು ಒಂದಿದೆ. ಪುಸ್ತಕದಲ್ಲಿ ‘ಹೋಗುತ್ತಾನೆ’ ಅಂತಿರುತ್ತೆ, ಮಗು ‘ಹೋಗ್ತಾನೆ’ ಅಂತ ಓದುತ್ತೆ. ಇದನ್ನು ತಿದ್ದುವ ಟೀಚರ್‌ಗಳಿದ್ದಾರೆ. ನಾನು ಅದರ ಪಕ್ಕ ಒಂದು ಖುಷಿಯ ಟಿಕ್ ಹಾಕ್ಕೊಳ್ತೀನಿ. ಅಕ್ಷರ ಅಕ್ಷರ ಕೂಡಿಸ್ತಾ ಇರೋ ಮಗುವಿಗೆ ‘ಹೋಗ್ತಾನೆ’ ಅನ್ನೋಕೆ ಆಗಲ್ಲ. ಅರ್ಥ ಆಗಿ, ಅದನ್ನು ತನ್ನ ಮನೆ ಮಾತಿಗೆ ತಂದುಕೊಂಡಿದ್ದರೆ ಮಾತ್ರ ಹಾಗೆ ಬರುತ್ತೆ.

ಈಗ ಇಬ್ಬರು ಮಕ್ಕಳ ವಿಷಯ. ಹೆಸರು ಬೇಡ.

ಒಬ್ಬಳು ಹುಡುಗಿ. ಅವಳ ಓದಿನ ನೋಟ್‌ಬುಕ್ ನೋಡಿದರೆ ಪ್ರದರ್ಶನಕ್ಕೆ ಇಡಬೇಕು ಅನ್ನಿಸುತ್ತೆ. ದುಂಡು ಅಕ್ಷರ, ಶೀರ್ಷಿಕೆಗೆ ಸ್ಕೆಚ್ ಪೆನ್ನಿನ ಬಾರ್ಡರ್, ಪ್ರತಿ ಪುಸ್ತಕಕ್ಕೂ ಒಂದೂವರೆ ಪುಟ. ‘ಲೇಖಕರು ಈ ಕೃತಿಯಲ್ಲಿ ಮಾನವೀಯ ಮೌಲ್ಯಗಳನ್ನು ಮನಮುಟ್ಟುವಂತೆ ಚಿತ್ರಿಸಿದ್ದಾರೆ’ ಅಂಥ ವಾಕ್ಯಗಳು. ಹನ್ನೊಂದು ವರ್ಷದ ಯಾವ ಮಗುವೂ ಹಾಗೆ ಮಾತಾಡಲ್ಲ. ಇನ್ನೊಬ್ಬ ಹುಡುಗ. ಅವನ ನೋಟ್‌ಬುಕ್ಕಿನಲ್ಲಿ ಆರು ವಾರಕ್ಕೆ ಒಟ್ಟು ಮೂರು ಸಾಲು. ಅದರಲ್ಲೊಂದು, ‘ನಾಯಿ ಚನಾಗಿದೆ’.

ಜುಲೈನಲ್ಲಿ ಅವಳ ಪಕ್ಕ ಕೂತಾಗ ಬರೆದುಕೊಂಡಿದ್ದು ಹೀಗಿದೆ: ‘ಕಥೆ ಹೇಳು ಅಂದೆ, ನೋಟ್‌ಬುಕ್ ತೆರೆದು ಅದನ್ನೇ ಒಪ್ಪಿಸಿದಳು. ಓದು ಅಂದೆ, ಗಂಟಲು ನೋವು ಅಂದಳು.’ ಆಗಸ್ಟಿನ ಸುತ್ತಿನಲ್ಲಿ: ‘ಓದಿದಳು. ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಾಳೆ. ಧೈರ್ಯ, ಧೈಯ್ರ. ಕಷ್ಟ, ಕಷಟ. ಎಂಟು ಸಾಲಿಗೆ ನಾಲ್ಕು ನಿಮಿಷ. ಏನಾಯ್ತು ಅಂತ ಕೇಳಿದರೆ ಗೊತ್ತಿಲ್ಲ. ಬೆವರುತ್ತಿದ್ದಳು. ಇವತ್ತು ಏನೂ ಹೇಳಿಕೊಡಲಿಲ್ಲ, ಬೆನ್ನು ತಟ್ಟಿ ಎದ್ದೆ.’

ಹುಡುಗನದ್ದು: ‘ತೇಜಸ್ವಿಯವರ ಪರಿಸರದ ಕತೆ. ಕಿವಿ ಅನ್ನೋ ನಾಯಿ ಬರುವ ಭಾಗ. ತಡವರಿಸದೆ ಓದಿದ, ಅರ್ಧ ಅವನ ಭಾಷೆಯಲ್ಲೇ. ತನ್ನ ಅಜ್ಜನ ಊರಿನ ನಾಯಿ ಕರೆದರೆ ಬರಲ್ಲ, ಕರೆಯದೆ ಇದ್ದರೆ ಬರುತ್ತೆ ಅಂದ. ಆಮೇಲೆ ತಾನಾಗೇ ಹೇಳಿದ್ದು: ಇವ್ರು ನಾಯಿನ ಬೈತಾನೇ ಇರ್ತಾರೆ ಮಿಸ್, ಆದ್ರೆ ಬಿಟ್ಟಿರಕ್ಕಾಗಲ್ಲ ಅಂತ ನಮಗೆ ಗೊತ್ತಾಗುತ್ತೆ.’ ಸಾಲಿನ ಹಿಂದಿರೋದನ್ನು ಓದೋದು ಅಂದರೆ ಇದೇ. ಎಷ್ಟೋ ದೊಡ್ಡವರಿಗೆ ಬರಲ್ಲ, ಆಫೀಸಿನ ಈಮೇಲ್ ಜಗಳಗಳನ್ನು ನೆನೆಸಿಕೊಳ್ಳಿ.

ಅರ್ಧವಾರ್ಷಿಕ ಪರೀಕ್ಷೆ ಬಂತು. 40ಕ್ಕೆ ಅವಳಿಗೆ 33, ಅವನಿಗೆ 14. ಆಶ್ಚರ್ಯವೇನಿಲ್ಲ. ಪಾಠದ ಕೊನೆಯ ಪ್ರಶ್ನೋತ್ತರ ಬಾಯಿಪಾಠ ಮಾಡಿದರೆ ಎರಡನೇ ಭಾಷೆಯ ಪತ್ರಿಕೆಯಲ್ಲಿ ಓದೋಕೆ ಬಾರದೆಯೂ 30 ದಾಟಬಹುದು. ಬರೆಯೋಕೆ ಕೈ ಬಾರದಿದ್ದರೆ, ಎಷ್ಟೇ ಓದಿದ್ದರೂ 14. ಮಾರ್ಕ್ಸ್ ನೋಡಿ ‘ರೆಮಿಡಿಯಲ್’ ಪಟ್ಟಿ ತಯಾರಾಯಿತು. ಹುಡುಗನ ಹೆಸರು ಮೊದಲಿಗೇ ಇತ್ತು. ಹುಡುಗಿಯದ್ದು ಇರಲಿಲ್ಲ. ರೆಮಿಡಿಯಲ್ ಕ್ಲಾಸು ಇಟ್ಟಿದ್ದು ಯಾವಾಗ ಗೊತ್ತಾ? ಲೈಬ್ರರಿ ಪೀರಿಯಡ್ಡಿನಲ್ಲಿ. ಓದ್ತಾ ಇರೋ ಹುಡುಗನನ್ನು ಪುಸ್ತಕದಿಂದ ಎಬ್ಬಿಸಿ, ಓದೋಕೆ ಬಾರದ ಹುಡುಗಿಯನ್ನು ಅಲ್ಲೇ ಕೂರಿಸಿ, ಎಲ್ಲ ಸರಿಯಾಯ್ತು ಅಂತ ಸಹಿ ಹಾಕುವ ಪಟ್ಟಿ ಅದು.

ಮೀಟಿಂಗಿಗೆ ನನ್ನ ಟಿಪ್ಪಣಿ ಪುಸ್ತಕ ತಗೊಂಡು ಹೋದೆ. ಇಬ್ಬರ ಪುಟಗಳನ್ನೂ ತೆಗೆದು ತಾರೀಕಿನ ಸಮೇತ ಓದಿ ಹೇಳಿದೆ. ಪ್ರಿನ್ಸಿಪಾಲರು ಒಳ್ಳೆಯವರೇ. ‘ಇದೆಲ್ಲ ಸರಿ ಮೇಡಂ, ಆದ್ರೆ ನಾಳೆ ಪೇರೆಂಟ್ಸ್ ಬಂದು 33 ತಗೊಂಡಿರೋ ಮಗುಗೆ ಯಾಕೆ ಎಕ್ಸ್‌ಟ್ರಾ ಕ್ಲಾಸ್ ಅಂದ್ರೆ ನಿಮ್ಮ ಡೈರಿ ತೋರಿಸೋಕಾಗುತ್ತಾ?’ ಅಂದರು. ಆಗುತ್ತೆ ಅಂದೆ. ಕೊನೆಗೆ ಹುಡುಗನಿಗೆ ಲೈಬ್ರರಿ ಪೀರಿಯಡ್ ಉಳಿಯಿತು. ಬರವಣಿಗೆಗೆ ಅಂತ ವಾರಕ್ಕೆರಡು ದಿನ ಅಸೆಂಬ್ಲಿಗೆ ಮುಂಚೆ 20 ನಿಮಿಷ ಬರ್ತಾನೆ. ಮೊದಲು ಅವನು ಬಾಯಲ್ಲಿ ಹೇಳ್ತಾನೆ, ಫೋನಿನಲ್ಲಿ ರೆಕಾರ್ಡ್ ಮಾಡ್ತೀವಿ, ಆಮೇಲೆ ತನ್ನದೇ ಮಾತು ಕೇಳಿಕೊಂಡು ಬರೀತಾನೆ. ಅವನ ವಾಕ್ಯ ಮೂರರಿಂದ ಒಂಬತ್ತಕ್ಕೆ ಬಂದಿದೆ. ಕಾಗುಣಿತ ಇನ್ನೂ ದೇವರಿಗೇ ಪ್ರೀತಿ.

ಹುಡುಗಿಯದ್ದು ಅಷ್ಟು ಸುಲಭ ಇರಲಿಲ್ಲ.

ಅವಳ ಅಮ್ಮ ಬಂದರು. ಒಂದು ಕಂಪನಿಯಲ್ಲಿ ಎಚ್‌ಆರ್. ಕೂತ ತಕ್ಷಣ ‘ಅವಳ ನೋಟ್‌ಬುಕ್ ನೋಡಿದೀರಾ ಮೇಡಂ?’ ಅಂದರು. ನೋಡಿದೀನಿ ಅಂದೆ. ಟಿಪ್ಪಣಿ ಅವರ ಮುಂದಿಟ್ಟೆ. ಒಂದು ನಿಮಿಷ ಅದನ್ನೇ ನೋಡಿದರು. ಆಮೇಲೆ ಪುಸ್ತಕ ನನ್ನ ಕಡೆ ತಿರುಗಿಸಿ, ‘ನೀವೇ ಓದಿ ಹೇಳಿ, ನಂಗೆ ಹ್ಯಾಂಡ್‌ರೈಟಿಂಗ್ ಅರ್ಥ ಆಗ್ತಿಲ್ಲ’ ಅಂದರು. ನನ್ನ ಅಕ್ಷರ ಅಷ್ಟೇನೂ ಕೆಟ್ಟದಾಗಿಲ್ಲ. ಓದಿ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಬಾಯಿಬಿಟ್ಟರು. ಹುಟ್ಟಿ ಬೆಳೆದಿದ್ದು ಮುಂಬೈ, ಡೊಂಬಿವಿಲಿ. ಮನೆಯಲ್ಲಿ ಅಚ್ಚ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಮರಾಠಿ. ಕನ್ನಡ ಮಾತಾಡ್ತಾರೆ, ಬೋರ್ಡು ಕೂಡಿಸಿ ಕೂಡಿಸಿ ಓದ್ತಾರೆ, ಅಷ್ಟೇ. ಪ್ರತಿ ಭಾನುವಾರ ಸಂಜೆ ಅಮ್ಮ ಮಗಳು ಕೂತು, ಯೂಟ್ಯೂಬಿನಲ್ಲಿ ಪುಸ್ತಕದ ಪರಿಚಯ ಸಿಕ್ಕರೆ ಕೇಳಿ, ಅಮ್ಮ ಹೇಳಿದ್ದನ್ನು ಮಗಳು ದುಂಡಗೆ ಬರೀತಾಳೆ. ‘ಅವಳಿಗೆ ನನ್ ಥರ ಆಗಬಾರದು ಅಂತ ಮೇಡಂ’ ಅಂದರು.

ಇದಕ್ಕೆ ಏನು ಹೇಳ್ತೀರಿ? ಮೋಸ ಅನ್ನೋಕೆ ನನ್ನ ಬಾಯಿ ಬರಲಿಲ್ಲ. ಭಾನುವಾರ ಸಂಜೆ ಮಗಳ ಪಕ್ಕ ಎರಡು ಗಂಟೆ ಕೂರುವ ಅಮ್ಮಂದಿರು ಎಷ್ಟು ಜನ ಇದ್ದಾರೆ?

ಒಂದು ಮಾತು ಅವರಿಗೆ ಸಮಾಧಾನ ಕೊಟ್ಟಿತು ಅನ್ನಿಸುತ್ತೆ. ಸೊನಾಲಿ ನಾಗ್ ಅನ್ನೋ ಸಂಶೋಧಕಿ ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಇಂಗ್ಲಿಷಿನ 26 ಅಕ್ಷರದ ಹಾಗೆ ಒಂದೆರಡು ವರ್ಷದಲ್ಲಿ ಮುಗಿಯುವ ಬಾಬತ್ತಲ್ಲ ಇದು, ಗುಣಿತಾಕ್ಷರ, ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪಗಳನ್ನು ಕಣ್ಣಿಗೆ ರೂಢಿ ಮಾಡಿಕೊಳ್ಳೋಕೆ ಪ್ರಾಥಮಿಕ ಶಾಲೆಯ ಹಲವು ವರ್ಷ ಬೇಕು ಅನ್ನೋದು ಅದರ ತಿರುಳು. ವಾರಕ್ಕೆ ನಾಲ್ಕು ಪೀರಿಯಡ್ ಕನ್ನಡ ಇರುವ ಶಾಲೆಯ ಮಗು ಆರನೇ ಕ್ಲಾಸಲ್ಲಿ ಒತ್ತಕ್ಷರದ ಹತ್ತಿರ ನಿಂತರೆ ಅದು ದಡ್ಡತನ ಅಲ್ಲ, ಅಭ್ಯಾಸ ಸಾಲದ್ದು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು, ಯಾಕಂದರೆ ಓದಿನ ನೋಟ್‌ಬುಕ್ ಅಂದರೆ ಮಂತ್ರದಂಡ ಅಂದುಕೊಳ್ಳುವ ಶಾಲೆಗಳು ಹೆಚ್ಚಾಗ್ತಾ ಇವೆ. ನೋಟ್‌ಬುಕ್ಕು, ಮಾತುಕತೆ ಇವು ಅಕ್ಷರ ಕಲಿಸಲ್ಲ. ಅಮೆರಿಕದಲ್ಲಿ ಈ ಬಗೆಯ ಕ್ಲಾಸನ್ನು ದೇಶದ ತುಂಬ ಹರಡಿದ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಲೂಸಿ ಕಾಲ್ಕಿನ್ಸ್ ಅವರ ಯೋಜನೆಯ ಮೇಲೆ ದೊಡ್ಡ ಗಲಾಟೆಯೇ ಆಯಿತು. ಗೊತ್ತಿಲ್ಲದ ಪದವನ್ನು ಚಿತ್ರ ನೋಡಿ, ಸಂದರ್ಭ ನೋಡಿ ಊಹಿಸು ಅಂತ ಹೇಳಿಕೊಟ್ಟು, ಅಕ್ಷರ-ಧ್ವನಿಯ ಪಾಠವನ್ನು ಸಡಿಲ ಬಿಟ್ಟರು ಅನ್ನೋದು ಆರೋಪ. 2022ರಲ್ಲಿ ಎಮಿಲಿ ಹ್ಯಾನ್‌ಫರ್ಡ್ ಅವರ ‘ಸೋಲ್ಡ್ ಎ ಸ್ಟೋರಿ’ ಪಾಡ್‌ಕಾಸ್ಟ್ ಬಂದ ಮೇಲೆ ಅದು ಮನೆಮಾತಾಯಿತು, 2023ರಲ್ಲಿ ಕಾಲೇಜು ಆ ಯೋಜನೆಯನ್ನೇ ಮುಚ್ಚುವ ತೀರ್ಮಾನಕ್ಕೆ ಬಂತು. ಆಫೀಸಿಗೆ ಹೋಗ್ತಾ ಕೇಳಬಹುದಾದ ಪಾಡ್‌ಕಾಸ್ಟು, ಕೇಳಿ. ನನ್ನ ಅಭಿಪ್ರಾಯ ಇಷ್ಟು: ಪಕ್ಕ ಕೂತು ಕೇಳಿಸಿಕೊಂಡರೆ ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಗೊತ್ತಾಗುತ್ತೆ. ಬಿಡಿಸೋಕೆ ಒತ್ತಕ್ಷರವನ್ನು ಕೂತು ಹೇಳಿಕೊಡಲೇಬೇಕು. ಥರ್ಮಾಮೀಟರಿನಿಂದ ಜ್ವರ ಇಳಿಯಲ್ಲ.

ಹಾಗಾಗಿ ಅವಳಿಗೆ ದಿನಾ ಹತ್ತು ನಿಮಿಷ ಒತ್ತಕ್ಷರ, ಜೊತೆಗೆ ಅವಳ ಕೈಗೆಟುಕುವ ಪುಸ್ತಕ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳು ಲೆವೆಲ್ ಒಂದರಿಂದ ನಾಲ್ಕರವರೆಗೆ ಇವೆ, ಫ್ರೀ, ಪ್ರಿಂಟ್ ಹಾಕ್ಕೊಬಹುದು. ಎರಡನೇ ಲೆವೆಲ್ಲಿನಿಂದ ಶುರು ಮಾಡೋಣ ಅಂದೆ. ಅವಳ ಮುಖ ಬಿದ್ದುಹೋಯಿತು. ಆರನೇ ಕ್ಲಾಸಿನವಳ ಕೈಯಲ್ಲಿ ದೊಡ್ಡ ದೊಡ್ಡ ಚಿತ್ರದ, ಪುಟಕ್ಕೆ ಎರಡು ಸಾಲಿನ ಪುಸ್ತಕ! ಪಕ್ಕದ ಬೆಂಚಿನವಳು ದಪ್ಪನೆಯ ಕಾದಂಬರಿ ಹಿಡಿದಿದ್ದಾಳೆ. ‘ಮಿಸ್, ಇದಕ್ಕೆ ಬೈಂಡ್ ಹಾಕ್ಕೊಳ್ಳಲಾ?’ ಅಂತ ಪಿಸುಗುಟ್ಟಿದಳು.

ಮಾರನೇ ದಿನ ಇಡೀ ಕ್ಲಾಸಿಗೆ ಬ್ರೌನ್ ಪೇಪರ್ ತರೋಕೆ ಹೇಳಿದೆ. ಲೈಬ್ರರಿ ಪುಸ್ತಕ ಹಾಳಾಗಬಾರದು, ಎಲ್ಲರೂ ಬೈಂಡ್ ಹಾಕಲೇಬೇಕು. 36 ಪುಸ್ತಕವೂ ಒಂದೇ ಬಣ್ಣ. ಯಾರು ಯಾವುದು ಓದ್ತಿದ್ದಾರೆ ಅನ್ನೋದು ಓದುವವರಿಗೂ ನನಗೂ ಮಾತ್ರ ಗೊತ್ತು. ಇದರಿಂದ ಇನ್ನೊಂದು ಮಜಾ ಆಯಿತು. ಕ್ಲಾಸಿನ ಜೋರು ಓದುಗ ಅನ್ನಿಸಿಕೊಂಡಿದ್ದ ಹುಡುಗರಿಬ್ಬರು ಬ್ರೌನ್ ಪೇಪರಿನ ಮರೆಯಲ್ಲಿ ಆರಾಮಾಗಿ ಚಿತ್ರದ ಪುಸ್ತಕ ಓದೋಕೆ ಶುರು ಮಾಡಿದ್ದಾರೆ. ಓದಲಿ ಬಿಡಿ.

ಜನವರಿಯಲ್ಲಿ ಅವಳ ನೋಟ್‌ಬುಕ್ಕಿನಲ್ಲಿ ಸ್ಕೆಚ್ ಪೆನ್ನಿನ ಬಾರ್ಡರ್ ಇಲ್ಲದ ಒಂದು ಪುಟ ಸಿಕ್ಕಿತು. ‘ಆನೆ ಯಾಕೆ ಅಳುತ್ತೆ ಗೊತ್ತಾಗಲಿಲ್ಲ. ಎರಡು ಸಲ ಓದಿದೆ. ಅದರ ಅಮ್ಮ ಇಲ್ಲ ಅನ್ಸುತ್ತೆ. ಆದ್ರೆ ಬರ್ದಿಲ್ಲ.’ ಅಷ್ಟೇ. ಅಕ್ಷರ ವಕ್ರ, ಒಂದು ಕಡೆ ಅಳಿಸಿ ತೂತಾಗಿದೆ. ಕೆಳಗೆ ನಾನು, ‘ನನಗೂ ಹಾಗೇ ಅನ್ನಿಸಿತು. ಯಾವ ಪುಟ ನೋಡಿ ನಿನಗೆ ಹಾಗನ್ನಿಸಿತು?’ ಅಂತ ಬರೆದೆ. ಮುಂದಿನ ವಾರ ಪುಟದ ನಂಬರ್ ಬರೆದಿದ್ದಳು. ಅವಳ ಓದು ಇನ್ನೂ ನಿಧಾನವೇ. ವರ್ಷದ ಕೊನೆಗೆ ಮೂರನೇ ಲೆವೆಲ್ಲಿಗೆ ಬಂದರೆ ದೊಡ್ಡದು.

ಅಮ್ಮ ಫೋನ್ ಮಾಡಿದರು. ‘ಅವಳ ಹ್ಯಾಂಡ್‌ರೈಟಿಂಗ್ ಕೆಟ್ಟಿದೆ ಮೇಡಂ’ ಅಂತ ಶುರು ಮಾಡಿ, ಕೊನೆಗೆ ಫೋನ್ ಇಡುವ ಮುಂಚೆ, ‘ಲೆವೆಲ್ ಒಂದರದ್ದು ನಂಗೂ ಒಂದೆರಡು ಕಳಿಸ್ತೀರಾ? ಬೈಂಡ್ ಹಾಕಿ’ ಅಂದರು.

ಮನೆಯಲ್ಲಿ ಮಗುವೋ, ಅಕ್ಕನ ಮಗಳೋ, ತಮ್ಮನೋ ಇದ್ದು, ಅವರು ಓದ್ತಾರಾ ಇಲ್ವಾ ಅಂತ ನಿಮಗೆ ತಲೆಬಿಸಿ ಇದ್ದರೆ ನೋಟ್‌ಬುಕ್ಕೇ ಬೇಕು ಅಂತಿಲ್ಲ. ರಾತ್ರಿ ಊಟ ಆದ ಮೇಲೆ ಪಕ್ಕ ಕೂತು ‘ಎಲ್ಲಿಗೆ ಬಂತು ಕಥೆ?’ ಅನ್ನಿ. ‘ಏನು ಕಲಿತೆ?’ ಅನ್ನಬೇಡಿ, ಅದು ಪ್ರಶ್ನೆಪತ್ರಿಕೆ. ಹೇಳುವಾಗ ಫೋನು ಕೆಳಗಿರಲಿ. ಎಷ್ಟು ಪುಟ ಆಯ್ತು ಅಂತ ಎಣಿಸೋಕೆ ಹೋಗಬೇಡಿ, ಎಣಿಸಿದ ದಿನದಿಂದ ಅವರು ಪುಟ ತಿರುಗಿಸೋದನ್ನು ಮಾತ್ರ ಕಲೀತಾರೆ. ಒಬ್ಬ ಅಪ್ಪ ನನಗೆ ಪ್ರತಿ ತಿಂಗಳು ವಾಟ್ಸಾಪ್ ಮಾಡ್ತಾರೆ, ‘ಮೇಡಂ, ನನ್ನ ಮಗ ಈಗ ಯಾವ ಲೆವೆಲ್?’ ಅಂತ. ಲೆವೆಲ್ಲು ಪುಸ್ತಕದ್ದು ಸರ್, ನಿಮ್ಮ ಮಗನದ್ದಲ್ಲ ಅಂತ ಬರೆದು ಕಳಿಸ್ತೀನಿ. ಥಂಬ್ಸ್ ಅಪ್ ಬರುತ್ತೆ, ಮುಂದಿನ ತಿಂಗಳು ಅದೇ ಪ್ರಶ್ನೆ.

ಈಗಿನ ಸುದ್ದಿ ಏನಂದರೆ, ಜೂನ್‌ನಿಂದ ಓದಿನ ನೋಟ್‌ಬುಕ್ ಬದಲು ಒಂದು ಆ್ಯಪ್ ತರೋಣ ಅಂತ ಮ್ಯಾನೇಜ್‌ಮೆಂಟಿನವರು ಯೋಚಿಸ್ತಾ ಇದ್ದಾರೆ. ಪುಸ್ತಕ ಮುಗಿದ ಮೇಲೆ ಐದು ಪ್ರಶ್ನೆ, ಸರಿ ಉತ್ತರಕ್ಕೆ ಪಾಯಿಂಟು, ಪಾಯಿಂಟಿಗೆ ಬ್ಯಾಡ್ಜು, ಪೋಷಕರ ಫೋನಿಗೆ ಗ್ರಾಫು. ಡೆಮೊ ನೋಡಿದೆ, ಚೆನ್ನಾಗಿದೆ, ಬಣ್ಣ ಬಣ್ಣವಾಗಿದೆ. ‘ಆನೆ ಯಾಕೆ ಅಳುತ್ತೆ ಗೊತ್ತಾಗಲಿಲ್ಲ’ ಅನ್ನೋಕೆ ಅದರಲ್ಲಿ ಜಾಗ ಎಲ್ಲಿ ಅಂತ ಡೆಮೊ ಕೊಟ್ಟ ಹುಡುಗನನ್ನು ಕೇಳಿದೆ. ‘ಫೀಡ್‌ಬ್ಯಾಕ್ ಸೆಕ್ಷನ್ ಇದೆ ಮ್ಯಾಮ್’ ಅಂದ. ಶನಿವಾರ ಮೀಟಿಂಗ್ ಇಟ್ಟಿದ್ದಾರೆ. ಟಿಪ್ಪಣಿ ಪುಸ್ತಕ ಬ್ಯಾಗಿಗೆ ಹಾಕ್ಕೊಂಡಿದ್ದೀನಿ. ಏನಾಯ್ತು ಅಂತ ಮುಂದಿನ ಸಲ ಹೇಳ್ತೀನಿ.